ಬಾಗಿಲಿಗೆ ಬಂದ ಎಮ್ಮೆ

"ಎಮ್ಮಿ ತಿರಗೈತಿ, ಬಾಳಕ್ಕಾ. ಮತ್ತ ತಿರಗೈತಿ."

ಗೇಟಿನ ಆಚೆ ನಿಂತ ತಾನಾಜಿ ಇದನ್ನು ಯಾರದೋ ಸಾವಿನ ಸುದ್ದಿ ಹೇಳುವವನ ಹಾಗೆ ಹೇಳಿದ. ಅವನ ಹಿಂದೆ ಎಮ್ಮೆ ಬಾಲ ಎತ್ತಿಕೊಂಡು ಒಂದೇ ಸಮ ಒದರುತ್ತಿತ್ತು. ಬಾಳವ್ವ ತಲೆಯ ಮೇಲಿನ ಸೆಗಣಿ ಬುಟ್ಟಿ ಇಳಿಸಿ, ಸೆರಗಿಗೆ ಕೈ ಒರೆಸಿಕೊಂಡು ಅಗಳಿ ತೆಗೆದಳು. ಕೇಳುವುದಾದರೂ ಏನು? ಈ ಎಮ್ಮೆ ಜೂನ್ ತಿಂಗಳಲ್ಲಿ ಒಮ್ಮೆ ಬಂದಿತ್ತು, ಜುಲೈಯಲ್ಲಿ ಒಮ್ಮೆ ಬಂದಿತ್ತು. ಈಗ ಗಣಪತಿ ಹಬ್ಬ ಮುಗಿದು ಎಂಟು ದಿನ. ಮೂರನೆಯ ಸಲ ಬೆದೆಗೆ ಬಂದು ಮತ್ತೆ ಇದೇ ಬಾಗಿಲಿಗೆ ಬಂದು ನಿಂತಿತ್ತು.

ಬಾಳವ್ವನ ಮನೆಯಲ್ಲಿ ಮಾಣಿಕ ಎಂಬ ಕೋಣವಿತ್ತು. ಪಂಢರಪುರಿ ಜಾತಿ, ಕೊಂಬು ಭುಜ ದಾಟಿ ಬೆನ್ನಿನ ತನಕ ಹೋಗಿದ್ದವು. ಕೊಲ್ಲಾಪುರ ಸೀಮೆಯ ಉದಗಾಂವದ ಸುತ್ತ ಹತ್ತು ಹನ್ನೆರಡು ಊರಿನ ಎಮ್ಮೆಗಳಿಗೆ ಅವನೇ ಗತಿ. ಗಬ್ಬ ನಿಲ್ಲಲು ಇಂಜೆಕ್ಷನ್ ಮಾಡುವವರು ಇರಲಿಲ್ಲವೆಂದಲ್ಲ. ಆದರೆ ಎಮ್ಮೆ ಬಹಳ ಸಲ ಸದ್ದಿಲ್ಲದೆ ಬೆದೆಗೆ ಬಂದು ಸದ್ದಿಲ್ಲದೆ ಮುಗಿಸಿಬಿಡುತ್ತದೆ. ಕೋಣನ ಮೂಗಿಗೆ ತಿಳಿದದ್ದು ಡಾಕ್ಟರರ ಕಣ್ಣಿಗೆ ತಿಳಿಯುವುದಿಲ್ಲ ಎಂದು ಜನ ನಂಬಿದ್ದರು. ಆ ನಂಬಿಕೆಯಲ್ಲಿ ಸುಳ್ಳೇನೂ ಇರಲಿಲ್ಲ.

"ಯಾರದು? ತಾನಾಜಿಯೇನು?" ಒಳಕೋಣೆಯಿಂದ ದಾದಾಸಾಹೇಬನ ದನಿ ಬಂತು. ಬಾಳವ್ವನ ಗಂಡ. ಮೂರು ವರ್ಷದ ಹಿಂದೆ ಲಕ್ವಾ ಹೊಡೆದು ಎಡಗೈ ಎಡಗಾಲು ಎರಡೂ ಹೋಗಿದ್ದವು, ಮಾತು ಸೊಟ್ಟಗಾಗಿತ್ತು. ಹೊರಸಿನ ಮೇಲೆ ಮಲಗಿದಲ್ಲಿಂದ ಅವನಿಗೆ ಕೊಟ್ಟಿಗೆ ಕಾಣುತ್ತಿರಲಿಲ್ಲ. ಆದರೆ ಗೇಟಿನ ಅಗಳಿ ಸರಿದದ್ದು ಮಾತ್ರ ಎಂಥ ನಿದ್ದೆಯಲ್ಲೂ ಕೇಳುತ್ತಿತ್ತು. "ಬಿಡ್ರಿ ಬಿಡ್ರಿ, ಮಾಣ್ಯಾನ್ನ ಬಿಡ್ರಿ. ನಿಂದ್ರೂ ತನಕ ನಂದ ಜವಾಬ್ದಾರಿ!"

ಈ ಮಾತು ಮೂರು ತಲೆಮಾರಿನದು. ಬಾಗಿಲಿಗೆ ಬಂದ ಎಮ್ಮೆಯನ್ನು ಹಾಗೆಯೇ ತಿರುಗಿ ಕಳಿಸಬಾರದು. ಗಬ್ಬ ನಿಲ್ಲದಿದ್ದರೆ ಮುಂದಿನ ಸಲ ಪುಕ್ಕಟೆ, ಆಗಲೂ ನಿಲ್ಲದಿದ್ದರೆ ಅದರ ಮುಂದಿನ ಸಲವೂ ಪುಕ್ಕಟೆ. ನಿಲ್ಲುವ ತನಕ. ದಾದಾಸಾಹೇಬನ ಅಜ್ಜ ಹೇಳಿದ್ದ, ಅಪ್ಪ ನಡೆಸಿದ್ದ, ದಾದಾಸಾಹೇಬ ಮೀಸೆ ತಿರುವಿ ಹತ್ತೂರಿಗೆ ಸಾರಿದ್ದ. ಮಾತು ಅವರದು, ಮೈ ಕೋಣನದು. ಹಿಡಿದು ನಿಲ್ಲಿಸುವ ಕೆಲಸ ಈಗ ಬಾಳವ್ವನದು. ಹೆಣ್ಣುಮಗಳು ಕೋಣ ಬಿಡಿಸುತ್ತಾಳೆ ಎಂದು ಮೊದಮೊದಲು ಓಣಿಯ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡಿದ್ದರು. ಬಾಳವ್ವನೂ ಮುಖ ಅತ್ತ ತಿರುಗಿಸಿ ನಿಲ್ಲುತ್ತಿದ್ದಳು. ಈಗ ನಾಚಿಕೆಯೆಲ್ಲ ಹೋಗಿ ಬರೀ ಸೊಂಟನೋವು ಉಳಿದಿತ್ತು.

ಮಾಣಿಕ ಮಲಗಿದ್ದ. ಅವಳು ಮೂಗುದಾರ ಹಿಡಿದು ಎಳೆದಳು, ತಾನಾಜಿ ಹಿಂದಿನಿಂದ ಬಾಲ ತಿರುವಿದ. ಮೊದಲು ಹಿಂಗಾಲು, ಆಮೇಲೆ ಬಹಳ ಹೊತ್ತಿನ ಮೇಲೆ ಮುಂಗಾಲು. ಎದ್ದು ನಿಂತವನು ಎಮ್ಮೆಯನ್ನು ಮೂಸಿ ಸುಮ್ಮನೆ ನಿಂತ. ತಾನಾಜಿ ಬಾಯಲ್ಲಿ ಹುರಿದುಂಬಿಸಿದ, ಕೋಲಿನಿಂದ ತಿವಿದ. ಮಾಣಿಕ ಒಂದು ಸಲ ಏರಿ ಜಾರಿದ, ಇನ್ನೊಂದು ಸಲ ಏರಿದ. ಕೆಲಸ ಮುಗಿಯಿತು. ತಾನಾಜಿ ಎಮ್ಮೆ ಹೊಡೆದುಕೊಂಡು ಗೇಟು ದಾಟುವ ಮೊದಲೇ ಮಾಣಿಕ ಮತ್ತೆ ನೆಲಕ್ಕೆ ಬಿದ್ದಿದ್ದ. ಪಕ್ಕೆ ಒಂದೇ ಸಮ ಏರಿಳಿಯುತ್ತಿತ್ತು, ತೊಡೆಯ ಚರ್ಮ ನಡುಗುತ್ತಿತ್ತು.

"ಈ ಸಲ ನಿಂದರ್ತೈತಿ ಅನ್ರಿ, ಬಾಳಕ್ಕಾ," ಎಂದ ತಾನಾಜಿ.

"ನನ್ನ ಬಾಯಾಗೇನೈತಿ, ದೇವರ ಮ್ಯಾಲ ಭಾರ," ಎಂದಳು ಬಾಳವ್ವ. ಹೀಗೆ ತಿರುಗಿ ಬಂದ ಎಮ್ಮೆಗಳಲ್ಲಿ ಇದು ಹನ್ನೊಂದನೆಯದು. ಹೊಸವು ಬೇರೆ. ಮೊದಲು ವಾರಕ್ಕೆ ಮೂರೋ ನಾಲ್ಕೋ ಬರುತ್ತಿದ್ದದ್ದು ಈಗ ದಿನಕ್ಕೆ ಎರಡು, ಕೆಲವೊಮ್ಮೆ ಮೂರು. ನಿಲ್ಲದಷ್ಟೂ ತಿರುಗಿ ಬರುತ್ತಿದ್ದವು, ತಿರುಗಿ ಬಂದಷ್ಟೂ ಮಾಣಿಕ ಸೋಲುತ್ತಿದ್ದ. ಇದು ಬಾಳವ್ವನಿಗೆ ಹೊಳೆದಿತ್ತು. ಆದರೆ ಯಾರಿಗೆ ಹೇಳುವುದು?

ಹಾಗೆ ನೋಡಿದರೆ ಯಾರೂ ಅವನಿಗೆ ಕೇಡು ಬಯಸಿರಲಿಲ್ಲ. ಎಲ್ಲ ಪ್ರೀತಿಯಿಂದಲೇ ಮಾಡಿದ್ದು. ಹೋದ ವರ್ಷ ಜಯಸಿಂಗಪುರದ ಜಾನುವಾರು ಪ್ರದರ್ಶನದಲ್ಲಿ ಮಾಣಿಕ ಮೊದಲ ನಂಬರು ಬಂದಾಗ, ಮಗ ಪ್ರಥಮೇಶ ಖುಷಿಗೆ ಹಳೆಯ ಕಬ್ಬಿನ ಒಣ ರವದಿಯ ಚಪ್ಪರ ಕಿತ್ತು ನೀಲಿ ತಗಡಿನ ಪತ್ರಾ ಹೊದಿಸಿದ. ನೋಡಲು ಚಂದ. ಏಪ್ರಿಲ್ ಬಂದಾಗ ಅದರ ಕೆಳಗೆ ಹಂಚಿನ ಮೇಲೆ ನಿಂತಂತಾಯಿತು. ಮೊದಲಾದರೆ ಮಧ್ಯಾಹ್ನ ಕೃಷ್ಣೆಗೆ ಬಿಡುತ್ತಿದ್ದರು, ಸಂಜೆಯ ತನಕ ನೀರಿನಲ್ಲಿ ಮುಳುಗಿ ಬರೀ ಮೂಗು ತೋರಿಸಿ ಬಿದ್ದಿರುತ್ತಿದ್ದ. ಹೊಳೆಯಲ್ಲಿ ಮೊಸಳೆ ಕಾಣಿಸಿಕೊಂಡ ಮೇಲೆ ಅದೂ ನಿಂತಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರೆ. ಈ ಕೋಣನಿಗೆ ಎಳೆಯಲು ನೀರೇ ಇಲ್ಲದಂತಾಯಿತು. ಆಮೇಲೆ ಎಮ್ಮೆಗಳು ತಿರುಗಿ ಬರಲು ಶುರುವಾದಾಗ ದಾದಾಸಾಹೇಬ ಮಲಗಿದಲ್ಲೇ ರೋಗ ಕಂಡುಹಿಡಿದ. "ಮೈ ಜಡ ಆಗೈತಿ. ಓಡಸ್ರಿ." ದೀಪಾವಳಿ ಪಾಡ್ಯದ ದಿನ ಕೊಲ್ಲಾಪುರದವರು ಎಮ್ಮೆ ಓಡಿಸುವ ಹಾಗೆ ಪ್ರಥಮೇಶ ದಿನಾ ಬೆಳಿಗ್ಗೆ ಮೋಟರಸೈಕಲ್ ಹಿಂದೆ ಅವನನ್ನು ಡಾಂಬರು ರಸ್ತೆಯ ಮೇಲೆ ಓಡಿಸಿದ, ಓಡಿಸಿ ಇಚಲಕರಂಜಿಯ ಮಗ್ಗದ ಶೆಡ್ಡಿಗೆ ಡ್ಯೂಟಿಗೆ ಹೋದ. ಓಡಿಬಂದ ಕೋಣನಿಗೆ ಇಪ್ಪತ್ತು ಮೊಟ್ಟೆ, ಅರ್ಧ ಲೀಟರು ಶೇಂಗಾ ಎಣ್ಣೆ. ಅದರ ಮೇಲೆ ಬಾಗಿಲಿಗೆ ಬಂದ ಎಮ್ಮೆಗಳು.

ಹನ್ನೊಂದು ಗಂಟೆಗೆ ಡಾಕ್ಟರ್ ನೂತನ ಸ್ಕೂಟಿಯ ಮೇಲೆ ಬಂದಳು. ಸರಕಾರಿ ದವಾಖಾನೆಯ ಹುಡುಗಿ, ವಯಸ್ಸು ಮೂವತ್ತು ದಾಟಿರಲಿಕ್ಕಿಲ್ಲ. ಹೋದ ವಾರ ಕಾಲುಬಾಯಿ ರೋಗದ ಲಸಿಕೆ ಹಾಕಲು ಬಂದಾಗ ಬಾಳವ್ವ ಅವಳನ್ನು ಗೋಡೆಯ ಮರೆಗೆ ಕರೆದು, ಗಂಡನಿಗೆ ಕೇಳದ ಹಾಗೆ ಎಲ್ಲ ಹೇಳಿಕೊಂಡಿದ್ದಳು. ಡಾಕ್ಟರು ಪರೀಕ್ಷೆಗೆಂದು ಕೋಣನ ವೀರ್ಯ ತೆಗೆದುಕೊಂಡು ಹೋಗಿದ್ದಳು. ಈಗ ಮೊಬೈಲು ತೆಗೆದು ಬಿಸಿಲಿಗೆ ಕೈ ಅಡ್ಡ ಹಿಡಿದು ತೋರಿಸಿದಳು.

"ಮಾವಶಿ, ಇಲ್ಲಿ ನೋಡ್ರಿ. ಸೂಕ್ಷ್ಮ ದುರ್ಬೀನದಾಗ ಹಿಡದದ್ದು."

ಬೂದು ನೀರಿನಲ್ಲಿ ಸಣ್ಣ ಸಣ್ಣ ತಲೆ, ದಾರದಂಥ ಬಾಲ. ಮುಕ್ಕಾಲು ಪಾಲು ಅಲುಗಾಡುತ್ತಲೇ ಇರಲಿಲ್ಲ. ಕೆಲವು ಬಾಲ ಮುದುಡಿಕೊಂಡು ಇದ್ದಲ್ಲೇ ಗಿರಕಿ ಹೊಡೆಯುತ್ತಿದ್ದವು.

"ಇವು ನಮ್ಮ ಮಾಣಿಕನವೇನ್ರಿ, ಡಾಕ್ಟರಬಾಯಿ?"

"ಹೌದ್ರಿ."

"ಸತ್ತಾವೇನ್ರಿ?"

"ಭಾಳಷ್ಟು ಸತ್ತಾವ. ಬದಕಿದ್ದಕ್ಕ ಈಸಾಕ ಬರೂದಿಲ್ಲ." ನೂತನ ಮೊಬೈಲು ಒಳಗಿಟ್ಟಳು. "ಬೀಜಾ ಒಂದ ದಿನದಾಗ ತಯಾರ ಆಗೂದಿಲ್ಲ, ಮಾವಶಿ. ಐವತ್ತು ಅರವತ್ತು ದಿವಸ ಬೇಕು, ಮತ್ತ ತಂಪು ಬೇಕು. ಅದಕ್ಕ ದೇವರು ಅದನ್ನ ಹೊಟ್ಟಿ ಹೊರಗ ಇಟ್ಟಾನ. ಬ್ಯಾಸಗ್ಯಾಗ ಪತ್ರಾದ ಕೆಳಗ ಕುದ್ದಾನ. ಅದರ ನುಕಸಾನ ಮಳಿಗಾಲದಾಗ ಕಾಣಿಸ್ತು. ಆಗರೆ ಆರಾಮ ಕೊಡಬೇಕಿತ್ತು. ನೀವು ಓಡಿಸಿದ್ರಿ, ದಿನಾ ಎರಡು ಮೂರು ಎಮ್ಮಿ ಬಿಟ್ಟ್ರಿ. ಮೈ ದಣದ್ರ ಅದು ಮೊದಲ ಬಿಡೂದು ಇದನ್ನ. ತನ್ನ ಜೀವಾ ಉಳಸ್ಕೊಂಡ್ರ ಸಾಕು ಅಂತೈತಿ, ವಂಶ ಆಮ್ಯಾಲ."

"ಔಷಧ ಏನರೆ ಐತೇನ್ರಿ?"

"ಇಲ್ರಿ. ಆರಾಮ. ಮೂರ ತಿಂಗಳು ಒಂದೂ ಎಮ್ಮಿ ತೋರಸಬ್ಯಾಡ್ರಿ. ನೆರಳು, ದಿನಾ ಎರಡ ಸಲ ಮೈಮ್ಯಾಲ ನೀರು. ಆಮ್ಯಾಲ ಮತ್ತ ನೋಡೂಣು. ಹೀಂಗಽ ನಡಿಸಿದ್ರ ಮಾತ್ರ ಹೋತು, ಮತ್ತ ಬರೂದಿಲ್ಲ."

ಮೂರು ತಿಂಗಳು! ಎಮ್ಮೆಗಳು ಬೆದೆಗೆ ಬರುವ ಹಂಗಾಮವೇ ದಸರೆಯಿಂದ ಸಂಕ್ರಾಂತಿಯ ತನಕ. ಬಾಳವ್ವ ಕೊಟ್ಟಿಗೆಯ ಕಂಬ ಹಿಡಿದು ನಿಂತಳು. ಹೋಯಿತು ಎಂದರೆ ಎಲ್ಲಿಗೆ ಹೋಯಿತು ಎನ್ನುವುದನ್ನು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಾಲು ಕರೆಯದ, ಗಳೆ ಹೂಡದ, ಎಮ್ಮೆಗೂ ಬೇಡವಾದ ಕೋಣನಿಗೆ ವಡಗಾಂವದ ಸಂತೆಯೊಂದೇ ದಾರಿ. ಅಲ್ಲಿಂದ ಲಾರಿ. ಪ್ರಥಮೇಶ ಆಗಲೇ ಒಬ್ಬ ವ್ಯಾಪಾರಿಗೆ ಹೇಳಿಟ್ಟಿದ್ದ: ದಸರೆಯ ತನಕ ನೋಡುತ್ತೇವೆ, ಎಮ್ಮೆ ನಿಲ್ಲದಿದ್ದರೆ ಬಂದು ಒಯ್ಯಿರಿ.

ಎಮ್ಮೆ ಗಂಡುಕರು ಹಾಕಿದರೆ ಅದಕ್ಕೆ ಹಾಲು ಬಿಡುವವರು ಯಾರಿದ್ದಾರೆ? ನಾಲ್ಕು ದಿನ ಒಣಗಿ ಐದನೆಯ ದಿನ ಸಾಯುತ್ತದೆ, ಎಲ್ಲರ ಮನೆಯಲ್ಲೂ ಅದೇ. ಮಾಣಿಕನನ್ನು ಹಾಗೆ ಬಿಡಲು ಬಾಳವ್ವನಿಗೆ ಮನಸ್ಸಾಗಿರಲಿಲ್ಲ. ಬೆರಳು ಚೀಪಿಸಿ ಚೀಪಿಸಿ ಬೋಗುಣಿಯಲ್ಲಿ ಹಾಲು ಕುಡಿಸಿದ್ದಳು. ಏಳು ವರ್ಷದ ಹಿಂದಿನ ಮಾತು.

ಸಂಜೆ ಗಂಡನಿಗೆ ಗಂಜಿ ಉಣಿಸುತ್ತ ಬಾಳವ್ವ ಡಾಕ್ಟರು ಅಂದದ್ದನ್ನು ಹೇಳಿದಳು. ಪ್ರಥಮೇಶನೂ ಅಲ್ಲೇ ಹೊಸ್ತಿಲ ಮೇಲೆ ಕೂತು ಮಗ್ಗದ ಗದ್ದಲಕ್ಕೆ ಕಿವಿಗಿಟ್ಟ ಹತ್ತಿ ತೆಗೆಯುತ್ತಿದ್ದ.

"ಮೂರ ತಿಂಗಳ ಸೂಟಿಯೇನು? ಸಾಲಿ ಮಾಸ್ತರ ಏನ ಅಂವಾ, ಸೂಟಿ ಕೊಡಾಕ?" ದಾದಾಸಾಹೇಬನ ಸೊಟ್ಟ ಬಾಯಿಂದ ಗಂಜಿ ಸೋರಿತು. ಅವಳು ಒರೆಸಿದಳು. "ನಿನ್ನೆ ಮೊನ್ನೆ ಹುಟ್ಟಿದ ಹುಡುಗಿ ನನಗ ಕ್ವಾಣದ ಬುದ್ಧಿ ಹೇಳತಾಳೇನು? ನಮ್ಮಪ್ಪನ ಕಾಲದಾಗ ದಿನಾ ಐದ ಐದು ಬಿಟ್ಟಾರ."

"ನಿಮ್ಮಪ್ಪನ ಕ್ವಾಣಾ ಹೊಳ್ಯಾಗ ಬೀಳತಿತ್ತು, ಬೇವಿನ ನೆಳ್ಳಾಗ ಮಲಗತಿತ್ತು."

"ಏನರೆ ಇರಲಿ. ಬಾಗಲಿಗೆ ಬಂದದ್ದನ್ನ ತಿರಿಗಿ ಕಳಿಸಿದ್ರ ನಾ ಇದ್ದೂ ಸತ್ತಂಗ. ಮೈಯಂತೂ ಹೋತು. ಮಾತ ಒಂದ ಉಳದೈತಿ, ಅದನ್ನರೆ ಇಡ್ರಿ."

ಬಾಳವ್ವನಿಗೆ ಸಿಟ್ಟು ನೆತ್ತಿಗೇರಿತು. ಮೂರು ವರ್ಷದಲ್ಲಿ ಅವಳು ಅವನ ಮೇಲೆ ದನಿ ಎತ್ತಿರಲಿಲ್ಲ. "ಮಾತು ನಿಮ್ಮದ್ರಿ. ಅದನ್ನ ನಡಸಾಕಿ ನಾನು. ಅದರ ಕಾಲು ನಡಗೂದು ನಾ ನೋಡಾಕತ್ತೇನಿ, ನೀವಲ್ಲ. ನನಗ ಸಾಕಾಗೈತಿ. ಅದಕ್ಕೂ ಸಾಕಾಗೈತಿ!"

ಪ್ರಥಮೇಶ ಹತ್ತಿಯನ್ನು ಅಂಗಳಕ್ಕೆ ಎಸೆದು ಎದ್ದ. "ಯಾಕ ಜಗಳಾ ಮಾಡಾಕತ್ತೀರಿ? ಅವ್ವಾ, ಮೂರ ತಿಂಗಳು ಕಟ್ಟಿ ಹಾಕಿದ್ರೂ ಆಮ್ಯಾಲ ನಿಂದರ್ತೈತಿ ಅನ್ನೂದಕ್ಕ ಗ್ಯಾರಂಟಿ ಏನು? ದಸರಾದ ಮ್ಯಾಲ ವ್ಯಾಪಾರಿ ಬರ್ತೇನಂದಾನ. ಸುಮ್ನ ಕಳಿಸಿಬಿಡೂಣು."

ಅಷ್ಟಕ್ಕೇ ನಿಂತಿತು. ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ಎನ್ನುತ್ತಾರೆ ಜನ. ಕೋಣ ಪಾಪ, ಅವನಿಗೆ ಹೇಳಿದ್ದರೆ ತಿಳಿಯುತ್ತಿತ್ತೇನೋ.

ಮರುದಿನ ಬೆಳಿಗ್ಗೆ ಪ್ರಥಮೇಶ ಡ್ಯೂಟಿಗೆ ಹೋಗುವ ಮೊದಲು ಕೋಣನನ್ನು ಓಡಿಸಲು ಬಂದಾಗ ಬಾಳವ್ವ ಹಗ್ಗ ಕೊಡಲಿಲ್ಲ. ಅವನು ಅವಳ ಮುಖ ನೋಡಿ ಮೋಟರಸೈಕಲ್ ಹತ್ತಿ ಹೋದ. ಇವತ್ತು ಯಾರು ಬಂದರೂ ಕೋಣನಿಗೆ ಜ್ವರ ಬಂದಿದೆ ಎಂದು ಹೇಳುವುದು ಎಂದು ಅವಳು ಗಟ್ಟಿ ಮಾಡಿಕೊಂಡಳು. ಜ್ವರ ಅಂದರೆ ಮಾತು ತಪ್ಪಿದ ಹಾಗಲ್ಲ, ಗಂಡನೂ ಸುಮ್ಮನಿದ್ದಾನು. ನಾಲ್ಕು ದಿನ ಜ್ವರ, ಆಮೇಲೆ ಇನ್ನೊಂದು ನೆಪ.

ಒಂಬತ್ತರ ಸುಮಾರಿಗೆ ಬಂದವಳು ಇಂದುಬಾಯಿ. ಉಮಳವಾಡದವಳು, ಗಂಡ ಇಲ್ಲ, ಇರುವುದು ಒಂದೇ ಎಮ್ಮೆ. ಅದರ ಹಾಲು ಬತ್ತಿ ಎಂಟು ತಿಂಗಳಾಗಿತ್ತು. ಅದು ಈದರೆ ಮನೆಯಲ್ಲಿ ಒಲೆ, ಇಲ್ಲದಿದ್ದರೆ ಕಂಡವರ ಕಬ್ಬಿನ ಗದ್ದೆಯಲ್ಲಿ ಕಳೆ ಕೀಳುವ ಕೂಲಿ. ನಡೆದು ಬಂದು ಅವಳ ಕಾಲು ಮೊಣಕಾಲಿನ ತನಕ ಧೂಳಾಗಿತ್ತು. ಇದು ಅವಳದೂ ಮೂರನೆಯ ಸಲ.

"ಬಾಳಕ್ಕಾ, ಸಿಟ್ಟಿಗೇಳಬ್ಯಾಡ್ರಿ. ಮತ್ತ ತಂದೇನಿ."

"ಇಂದಾ, ಮಾಣಿಕನಿಗೆ..." ಎನ್ನುತ್ತ ಬಾಳವ್ವ ಗೇಟಿಗೆ ಬಂದಳು. ಎಮ್ಮೆಯ ಸೊಂಟದ ಎರಡೂ ಕಡೆ ಅಂಗೈಯಗಲ ಬರೆ. ಕೂದಲು ಸುಟ್ಟು, ಚರ್ಮ ಕೆಂಪಗಾಗಿ, ಅಂಚಿನಲ್ಲಿ ನೀರು ಒಸರುತ್ತಿತ್ತು. ನೊಣ ಮುತ್ತಿದ್ದವು.

"ಇದೇನ, ಇಂದಾ?"

"ಬರಿ ಕೊಡಿಸೇನ್ರಿ." ಇಂದುಬಾಯಿ ತಲೆ ತಗ್ಗಿಸಿದಳು. "ದಾದಾಸಾಹೇಬರ ಕ್ವಾಣಕ್ಕೂ ನಿಂದರಲಿಲ್ಲ ಅಂದ್ರ ಎಮ್ಮಿದಽ ದೋಷ ಅಂದ್ರು ಎಲ್ಲಾರೂ. ಬರಿ ಹಾಕಿದ್ರ ಗರ್ಭಚೀಲ ಬಿಗಿ ಆಗತೈತಂತ. ನಾಲ್ಕ ಮಂದಿ ಹಿಡದ್ರು. ಭಾಳ ಒದರ್ತು ಪಾಪ. ನಾ ಒಳಗ ಹೋಗಿ ಕಿವಿ ಮುಚ್ಕೊಂಡೆ."

ಬಾಳವ್ವ ಸೆರಗಿನಿಂದ ಬರೆಯ ಮೇಲಿನ ನೊಣ ಹೊಡೆದಳು. ಜ್ವರದ ಸುಳ್ಳು ಬಾಯಲ್ಲೇ ಒಣಗಿತು. ಇನ್ನೂ ಹತ್ತು ಎಮ್ಮೆ ಹೀಗೆ ತಿರುಗಿ ಬಂದಿದ್ದವಲ್ಲ, ಅವುಗಳ ಸೊಂಟ ಯಾರು ನೋಡಿದ್ದಾರೆ?

"ನಿನ್ನ ಎಮ್ಮಿದು ಏನೂ ತಪ್ಪಿಲ್ಲ," ಎಂದಳು. ದನಿ ಅವಳಿಗೇ ದೊಡ್ಡದಾಗಿ ಕೇಳಿಸಿತು. "ನಮ್ಮ ಕ್ವಾಣದಾಗ ಏನೂ ಉಳದಿಲ್ಲ, ಇಂದಾ. ದಣದ ದಣದ ಖಾಲಿ ಆಗೇತಿ. ಡಾಕ್ಟರಬಾಯಿ ತೋರಿಸ್ಯಾಳ. ನೀ ಮೂರ ಸಲ ನಡದ ಬಂದದ್ದು ಸುಮ್ನ ಆತು. ತಪ್ಪು ನಮ್ಮದು."

ಒಳಗಿಂದ ಹೊರಸು ಕಿರುಗುಟ್ಟಿತು. "ಏನಂದಿ? ಏ, ಏನಂದಿ?" ದಾದಾಸಾಹೇಬ ಗುಡುಗಿದ. "ಮನಿ ಮಾನಾ ಗೇಟಿನ್ಯಾಗ ಹರಾಜ ಹಾಕ್ತೀಯೇನು? ಇಂದುಬಾಯಿ, ಹೋಗಬ್ಯಾಡ, ನಿಂದ್ರು! ನನ್ನ ಹೊರಗ ಕರಕೊಂಡ ಹೋಗ್ರಿ. ನಾ ಒದರಿದ್ರ ಮಾಣ್ಯಾ ಏಳ್ತಾನ. ಕರಕೊಂಡ ಹೋಗ್ರಿ ಅಂದೆ!"

ಬಾಳವ್ವ ಅಲುಗಲಿಲ್ಲ. ಇಂದುಬಾಯಿಗೆ ಇದ್ದ ಒಂದೇ ಆಸೆ ಆ ದನಿ. ಅವಳು ಎಮ್ಮೆಯನ್ನು ಗೇಟಿಗೆ ಕಟ್ಟಿ ಒಳಗೆ ನುಗ್ಗಿ ಒಬ್ಬಳೇ ಅವನನ್ನು ಎತ್ತಲು ನೋಡಿದಳು. ಆಗಲಿಲ್ಲ. ಕೊನೆಗೆ ಬಾಳವ್ವನೇ ಹೋಗಿ ಇನ್ನೊಂದು ಭುಜ ಕೊಟ್ಟಳು. ಸತ್ತ ಕಾಲು ನೆಲದ ಮೇಲೆ ಗೀರು ಎಳೆಯುತ್ತ ಬಂತು. ಮೂರು ವರ್ಷದಲ್ಲಿ ಮೊದಲ ಸಲ ಅವನು ಕೊಟ್ಟಿಗೆ ನೋಡುತ್ತಿದ್ದ. ಪ್ಲಾಸ್ಟಿಕ್ ಕುರ್ಚಿ ತಂದು ಕೂರಿಸಿದರು. ಅವನು ಮೊದಲು ಮೇಲಿನ ನೀಲಿ ಪತ್ರಾ ನೋಡಿದ, ಆಮೇಲೆ ಕೆಳಗೆ.

ಮಾಣಿಕ ಕತ್ತು ನೆಲಕ್ಕೆ ಚಾಚಿ ಮಲಗಿದ್ದ. ಬೆನ್ನೆಲುಬು ಎದ್ದು ಕಾಣುತ್ತಿತ್ತು.

"ಮಾಣ್ಯಾ!"

ಕಿವಿ ಒಂದು ಇತ್ತ ತಿರುಗಿತು. ಇಂದುಬಾಯಿಯ ಎಮ್ಮೆ ಗೇಟಿನಲ್ಲಿ ಒದರಿತು. ಬೆದೆಗೆ ಬಂದ ಎಮ್ಮೆ ಹತ್ತು ಮಾರು ದೂರದಲ್ಲಿ ಒದರಿದರೆ ಕೋಣ ಗೂಟ ಕಿತ್ತುಕೊಂಡು ಬರಬೇಕು. ಬಾಳವ್ವ ಹೆದರಿಕೊಂಡೇ ಸರಪಳಿಯನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡಿದ್ದಳು. ಸರಪಳಿ ಅಲುಗಲಿಲ್ಲ.

"ಏ ಮಾಣ್ಯಾ, ಏಳಪ್ಪಾ. ನಾ ಬಂದೇನಿ ನೋಡು. ಏಳು."

ದನಿ ಗುರುತು ಹತ್ತಿತು. ಮಾಣಿಕ ಹಿಂಗಾಲು ಒತ್ತಿ ಅರ್ಧ ಎದ್ದ. ಮುಂಗಾಲು ಮಡಿಸಿದ್ದು ಬಿಚ್ಚಲಿಲ್ಲ. ಹಾಗೇ ಒಂದು ಗಳಿಗೆ ಮೊಣಕಾಲಿನ ಮೇಲೆ ನಿಂತು, ತೊಡೆ ಗಡಗಡ ನಡುಗಿ, ಧೊಪ್ಪನೆ ಕುಸಿದ. ಮೂಗಿನಿಂದ ಧೂಳು ಹಾರಿತು. ಇಂದುಬಾಯಿ ಗೋಡೆಗೆ ಒರಗಿಸಿದ್ದ ಕೋಲನ್ನು ತಂದು ದಾದಾಸಾಹೇಬನ ಬಲಗೈಗೆ ಕೊಟ್ಟಳು. ಅವನು ಕೋಲನ್ನು ಹಿಡಿದುಕೊಂಡ. ಬಹಳ ಹೊತ್ತು ಹಿಡಿದುಕೊಂಡೇ ಇದ್ದ.

"ಹೀಂಗ ಎಷ್ಟ ದಿವಸಾತು?" ಎಂದು ಕೇಳಿದ, ಹೆಂಡತಿಯ ಕಡೆ ನೋಡದೆ.

"ಎರಡ ತಿಂಗಳ ಆತ್ರಿ."

"ನನಗ್ಯಾಕ ಹೇಳಲಿಲ್ಲ?"

ಬಾಳವ್ವ ಹೇಳಿದ್ದಳು. ಅವನಿಗೂ ಅದು ಗೊತ್ತಿತ್ತು. ಕೋಲು ಅವನ ಕೈಯಿಂದ ಜಾರಿ ಸೆಗಣಿಯಲ್ಲಿ ಬಿತ್ತು, ಯಾರೂ ಎತ್ತಲಿಲ್ಲ.

"ಡಾಕ್ಟರಬಾಯಿಗೆ ಫೋನ ಹಚ್ಚು," ಎಂದ ಕೊನೆಗೆ. "ಇಂದುಬಾಯಿ ಎಮ್ಮಿಗೆ ಗಬ್ಬದ ಇಂಜೆಕ್ಷನ್ ಮಾಡಂತ ಹೇಳು. ಬರಿಗೆ ಮುಲಾಮ ತರಾಕ ಹೇಳು. ಇಲ್ಲೇ, ನಮ್ಮ ಅಂಗಳದಾಗ ಮಾಡ್ಲಿ."

ನೂತನ ಹನ್ನೆರಡಕ್ಕೆ ಬಂದು ಎರಡೂ ಕೆಲಸ ಮುಗಿಸಿ ಹೋದಳು. ಇಂದುಬಾಯಿ ರೊಟ್ಟಿ ತಿಂದು, ಎಮ್ಮೆಯ ಬರೆಗೆ ನೊಣ ಕೂರದಂತೆ ಹಳೆಯ ಸೀರೆಯ ತುಂಡು ಹೊದಿಸಿಕೊಂಡು ಹೊರಟಳು. ಹೋಗುವಾಗ ಬಾಳವ್ವನ ಕೈ ಹಿಡಿದಳು. ಬಾಳವ್ವ ಗೇಟು ಹಾಕಿ ಬಂದು ಮಾಣಿಕನ ಮೈಮೇಲೆ ನಾಲ್ಕು ಕೊಡ ನೀರು ಸುರಿದಳು. ಗೋಣಿಚೀಲ ತೋಯಿಸಿ ಬೆನ್ನಿಗೆ ಹೊದಿಸಿದಳು. ಒಳಗೆ ಕರೆದುಕೊಂಡು ಹೋಗಲೇ ಎಂದು ಗಂಡನನ್ನು ಕೇಳಿದಳು. ಅವನು ಬೇಡವೆಂದು ತಲೆ ಆಡಿಸಿದ. ಆಗ ಅವಳು ಅಲ್ಲೇ ಕೊಟ್ಟಿಗೆಯ ನೆಲದ ಮೇಲೆ ಕೂತಳು. ಹಾಡುಹಗಲಲ್ಲಿ, ಕೆಲಸ ಬಿಟ್ಟು, ಕಂಬಕ್ಕೆ ಒರಗಿ. ಹೀಗೆ ಕೂತು ಎಷ್ಟು ಕಾಲವಾಗಿತ್ತೋ!

ಕಣ್ಣು ಹತ್ತಿರಬೇಕು. ಗೇಟಿನ ಆಚೆ ಎಮ್ಮೆ ಒದರಿತು. ಅಗಳಿ ಗಡಗಡ ಅಲುಗಿತು.

"ಬಾಳಕ್ಕಾ! ನಾನ್ರಿ, ಜಿನಗೊಂಡ. ಎಮ್ಮಿ ತಂದೇನಿ."

ಏಳಬೇಕೆಂದು ಬಾಳವ್ವ ನೆಲಕ್ಕೆ ಕೈ ಊರಿದಳು. ಏಳಲಾಗಲಿಲ್ಲ. ಗಂಡನ ಕಡೆ ನೋಡಿದಳು. ದಾದಾಸಾಹೇಬ ಕುರ್ಚಿಯ ಮೇಲೆ ನೆಟ್ಟಗೆ ಕೂತಿದ್ದ. ಅವನು ಒಳ್ಳೆಯ ಕೈಯಿಂದ ಅವಳಿಗೆ ಕೂರು ಎಂದು ಸನ್ನೆ ಮಾಡಿದ.

"ಮನ್ಯಾಗ ಯಾರೂ ಇಲ್ಲ!" ಎಂದು ಗೇಟಿನ ಕಡೆ ಕೂಗಿದ.

"ಮತ್ತ ನೀವ್ಯಾರ್ರಿ?" ಎಂದ ಜಿನಗೊಂಡ.

ದಾದಾಸಾಹೇಬ ಮುಖವನ್ನು ಮಾಣಿಕನ ಕಡೆ ತಿರುಗಿಸಿದ. ಅವನ ಕಣ್ಣಿಂದ ನೀರು ಇಳಿದು ಸೊಟ್ಟ ತುಟಿಯ ಹತ್ತಿರ ನಿಂತಿತು. "ಯಾರೂ ಇಲ್ಲಪ್ಪಾ," ಎಂದು ಮತ್ತೊಮ್ಮೆ ಹೇಳಿದ, ಈ ಸಲ ಮೆಲ್ಲಗೆ. ಸ್ವಲ್ಪ ಹೊತ್ತಿನ ಮೇಲೆ ಎಮ್ಮೆಯ ಗೊರಸಿನ ಸದ್ದು ಡಾಂಬರು ರಸ್ತೆಯ ಮೇಲೆ ದೂರವಾಗುತ್ತ ಹೋಯಿತು. ಬಾಳವ್ವ ತಲೆಯನ್ನು ಮತ್ತೆ ಕಂಬಕ್ಕೆ ಒರಗಿಸಿದಳು. ಒದ್ದೆ ಗೋಣಿಚೀಲದ ಕೆಳಗೆ ಮಾಣಿಕನ ಪಕ್ಕೆ ನಿಧಾನವಾಗಿ ಏರುತ್ತಿತ್ತು, ನಿಧಾನವಾಗಿ ಇಳಿಯುತ್ತಿತ್ತು.